ಸ್ಪ್ರೆಡ್‌ಶೀಟಿಗೆ ಮೂರನೇ ದಿಕ್ಕು ಬೇಡವಾ?

ಇವತ್ತು ಗೋಣಿಕೊಪ್ಪ ಹತ್ತಿರದ ಒಂದು ತೋಟದ ಆಫೀಸಿನಲ್ಲಿ ಕೂತು ತಲೆ ಕೆಡಿಸಿಕೊಂಡು ಬಂದೆ. ನನ್ನ ಕೆಲಸ ನಿಮಗೆ ಗೊತ್ತೇ ಇದೆ, ಊರವರ ತೋಟದ ಲೆಕ್ಕ ನೋಡೋದು. ರೈಟರ್ ಹುಡುಗ, ಅಂದರೆ ತೋಟದ ಗುಮಾಸ್ತ, ಕಂಪ್ಯೂಟರಿನಲ್ಲಿ ಫೈಲ್ ತೆರೆದ. ಕೆಳಗಡೆ ಶೀಟುಗಳ ಸಾಲು. 'ರೋಬಸ್ಟಾ ಜನವರಿ', 'ರೋಬಸ್ಟಾ ಜನವರಿ ಹೊಸದು', 'ಮೆಣಸು ಹೊಳೆಬದಿ', 'ಒಟ್ಟು', 'ಒಟ್ಟು ಸರಿಯಾದದ್ದು'. ಬಾಣದ ಗುರುತು ಒತ್ತಿದಷ್ಟೂ ಬರುತ್ತಲೇ ಇದ್ದವು. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. "ಹೊಳೆಬದಿ ಬ್ಲಾಕಿನಲ್ಲಿ ಮೆಣಸು ಕೊಯ್ಲಿನ ಕೂಲಿ ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ ಆಗಿದೆ?" ಮಧ್ಯಾಹ್ನ ಊಟದ ಹೊತ್ತಾದರೂ ಉತ್ತರ ಸಿಗಲಿಲ್ಲ. ಹುಡುಗ ದಡ್ಡ ಅಲ್ಲ, ಸೋಮಾರಿಯೂ ಅಲ್ಲ. ಎಲ್ಲ ಅಂಕಿಗಳೂ ಆ ಫೈಲಿನಲ್ಲೇ ಇವೆ. ಆದರೆ ಬೇಕಾದ ಕಡೆಯಿಂದ ತಿರುಗಿಸಿ ನೋಡುವ ದಾರಿ ಇಲ್ಲ.

ಕೊಡಗಿನ ತೋಟದ ಲೆಕ್ಕ ಯಾವತ್ತೂ ಎರಡು ದಿಕ್ಕಿನದ್ದಲ್ಲ. ಒಂದೇ ಬ್ಲಾಕಿನಲ್ಲಿ ಕೆಳಗೆ ಕಾಫಿ, ಮೇಲೆ ನೆರಳಿನ ಮರ, ಮರಕ್ಕೆ ಮೆಣಸಿನ ಬಳ್ಳಿ. ಕಾಫಿಯಲ್ಲೇ ಅರೇಬಿಕಾ ಬೇರೆ, ರೋಬಸ್ಟಾ ಬೇರೆ. ಕಣದಿಂದ ಎದ್ದ ಮೇಲೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಚೀಲ ಬೇರೆ, ಚೆರಿ (ಹಣ್ಣು ಹಾಗೇ ಒಣಗಿಸಿದ್ದು) ಚೀಲ ಬೇರೆ. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಕಳೆ, ಗೊಬ್ಬರ, ಕಪಾತು (ಗಿಡ ಸವರೋದು), ಕೊಯ್ಲು ಅಂತ ಕೆಲಸಗಳು. ಒಬ್ಬ ಆಳು ಇಡೀ ದಿನ ಕಳೆ ತೆಗೆದರೆ ಆ ಕೂಲಿ ಕಾಫಿಯದ್ದಾ, ಮೆಣಸಿನದ್ದಾ? ಎರಡಕ್ಕೂ ಹಂಚಬೇಕು. ಕಾಫಿ ವರ್ಷ ಅಕ್ಟೋಬರಿನಿಂದ ಶುರು, ತೆರಿಗೆಯ ವರ್ಷ ಏಪ್ರಿಲಿನಿಂದ. ಇದರ ಮೇಲೆ ಅಣ್ಣತಮ್ಮಂದಿರ ಪಾಲು, ಅದನ್ನಂತೂ ಕೇಳಲೇಬೇಡಿ. ಬ್ಲಾಕು, ಬೆಳೆ, ಕೆಲಸ, ತಿಂಗಳು, ಪಾಲುದಾರ. ಐದಾಯಿತು. ಸಾಫ್ಟ್‌ವೇರ್ ಕೊಡೋದು ಎರಡೇ: ಸಾಲು, ಕಾಲಂ. ಉಳಿದ ಮೂರನ್ನು ಶೀಟಿನ ಹೆಸರಿನಲ್ಲಿ, ಫೈಲಿನ ಹೆಸರಿನಲ್ಲಿ, ಸೆಲ್ಲಿನ ಬಣ್ಣದಲ್ಲಿ ತುರುಕಬೇಕು.

1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಸೇರಿ ವಿಸಿಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ತಂದಾಗ ಸಾಲು, ಕಾಲಂ ಸಾಕಿತ್ತು ಬಿಡಿ. ಆಗಿನ ಕಂಪ್ಯೂಟರಿನ ಶಕ್ತಿಯೂ ಅಷ್ಟೇ. ಆಮೇಲೆ ಏನು ಮಾಡಿದರು? ಎಕ್ಸೆಲ್ 2007ರಲ್ಲಿ 65,536 ಸಾಲು ಇದ್ದದ್ದು 10,48,576 ಆಯಿತು. 256 ಕಾಲಂ 16,384 ಆಯಿತು. ಉದ್ದಕ್ಕೆ ಬೆಳೆಸಿದರು, ಅಗಲಕ್ಕೆ ಬೆಳೆಸಿದರು. ಆಳಕ್ಕೆ ಮಾತ್ರ ಕೈ ಹಾಕಲಿಲ್ಲ.

"ಶೀಟುಗಳ ಮೇಲಿಂದ ಮೊತ್ತ ತೆಗೆಯಬಹುದಲ್ಲಾ" ಅಂತೀರಾ? ತೆಗೆಯಬಹುದು. ಜನವರಿಯಿಂದ ಮಾರ್ಚ್‌ವರೆಗಿನ ಶೀಟುಗಳ ಸಿ7 (ಸಿ ಕಾಲಂ, ಏಳನೇ ಸಾಲು) ಎಲ್ಲ ಕೂಡಿಸು ಅಂತ ಒಂದೇ ಸೂತ್ರ ಬರೆಯಬಹುದು. ಆದರೆ ಎಲ್ಲ ಶೀಟಿನಲ್ಲೂ ಹೊಳೆಬದಿ ಬ್ಲಾಕು ಏಳನೇ ಸಾಲಿನಲ್ಲೇ ಇರಬೇಕು. ಫೆಬ್ರವರಿಯಲ್ಲಿ ಯಾರೋ ಮೇಲೊಂದು ಸಾಲು ಸೇರಿಸಿದರು ಅಂದುಕೊಳ್ಳಿ. ಈಗ ಅಲ್ಲಿನ ಸಿ7 ಬೇರೆ ಬ್ಲಾಕಿನದ್ದು. ಸಾಫ್ಟ್‌ವೇರ್ ಒಂದು ಮಾತೂ ಆಡದೆ ಅದನ್ನೇ ಕೂಡಿಸುತ್ತೆ. ಇನ್ನೂ ಚಂದದ್ದು ಕೇಳಿ. ಡೀಸೆಲ್ ಲೆಕ್ಕದ ಶೀಟನ್ನು ಯಾರಾದರೂ ಎಳೆದು ಜನವರಿ, ಮಾರ್ಚ್ ನಡುವೆ ಬಿಟ್ಟರೆ, ಅದರ ಸಿ7ರಲ್ಲಿರುವ ಅಂಕಿಯೂ ಮೆಣಸಿನ ಕೂಲಿಗೆ ಸೇರಿಕೊಳ್ಳುತ್ತೆ. ಇದನ್ನು ಮೂರು ಆಯಾಮ ಅಂತ ಕರೆಯೋರಿಗೆ ಏನು ಹೇಳೋದು?

ಹೊಟ್ಟೆ ಉರಿಯೋದು ಇದಕ್ಕಲ್ಲ. ಪರಿಹಾರ 1991ರಲ್ಲೇ ಬಂದು ಹೋಗಿದೆ! ಲೋಟಸ್ ಕಂಪನಿ ಇಂಪ್ರೊವ್ ಅಂತ ಒಂದು ಸಾಫ್ಟ್‌ವೇರ್ ಮಾಡಿತ್ತು. ಅದರ ಕಲ್ಪನೆ ಪಿಟೋ ಸಲಾಸ್ ಅನ್ನುವವರದ್ದು. ಮೊದಲು ಬಂದದ್ದು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪ್ಯೂಟರಿಗೆ. ಅದರಲ್ಲಿ ಅಂಕಿಗಳು ಒಂದು ಕಡೆ, ಸೂತ್ರಗಳು ಇನ್ನೊಂದು ಕಡೆ, ನೋಡುವ ರೀತಿ ಮತ್ತೊಂದು ಕಡೆ. ಸಿ7, ಡಿ12 ಅಂತ ಪರದಾಟ ಇಲ್ಲ. 'ಲಾಭ = ಮಾರಾಟ - ಖರ್ಚು' ಅಂತ ಒಂದು ಸಲ ಬರೆದರೆ ಎಲ್ಲ ತಿಂಗಳಿಗೂ, ಎಲ್ಲ ಬ್ಲಾಕಿಗೂ ಅನ್ವಯ. ತಿಂಗಳು ಅನ್ನುವ ಹೆಸರನ್ನು ಎಳೆದು ಬೇರೆ ಕಡೆ ಇಟ್ಟರೆ ಇಡೀ ಪಟ್ಟಿ ತಿರುಗಿ ನಿಲ್ಲುತ್ತಿತ್ತು. 1993ರಲ್ಲಿ ವಿಂಡೋಸ್‌ಗೂ ಬಂತು. ಮಾರಾಟ ಆಗಲಿಲ್ಲ, ನಿಲ್ಲಿಸಿದರು. ಜನರಿಗೆ ಸಾಲು, ಕಾಲಂ ಅಭ್ಯಾಸ ಆಗಿಬಿಟ್ಟಿತ್ತು. ಲೋಟಸ್ಸಿನದ್ದೇ 1-2-3 ಅನ್ನುವ ಸ್ಪ್ರೆಡ್‌ಶೀಟ್ ಚೆನ್ನಾಗಿ ಓಡುತ್ತಿತ್ತು, ಅದಕ್ಕೆ ಮನೆಯೊಳಗೇ ಇನ್ನೊಬ್ಬ ಎದುರಾಳಿ ಯಾಕೆ ಬೇಕು ಹೇಳಿ.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೂ "ಅಣ್ಣಾ, ಪಿವೊಟ್ ಟೇಬಲ್ ಇದೆಯಲ್ಲಾ" ಅಂತ ಟೈಪ್ ಮಾಡೋಕೆ ಶುರು ಮಾಡಿರುತ್ತೀರಿ. ಇದೆ ಮಾರಾಯರೇ, ಎಕ್ಸೆಲ್ 5ರಿಂದಲೂ ಇದೆ. ಉದ್ದದ ಪಟ್ಟಿಯನ್ನು ಬೇಕಾದ ಹಾಗೆ ಗುಂಪು ಮಾಡಿ ಮೊತ್ತ ತೋರಿಸುತ್ತೆ. ಒಳ್ಳೆಯದೇ. ಆದರೆ ಪಿವೊಟ್ ನೋಡೋಕೆ ಮಾತ್ರ, ಬರೆಯೋಕಲ್ಲ. ಮೊದಲು ಎಲ್ಲವನ್ನೂ ದಿನಾಂಕ, ಬ್ಲಾಕು, ಬೆಳೆ, ಕೆಲಸ, ಕೂಲಿ ಅಂತ ಒಂದೇ ಉದ್ದದ ಪಟ್ಟಿಗೆ ಇಳಿಸಬೇಕು. ಅದೂ ಆಯಿತು ಅನ್ನಿ. ಮುಂದಿನ ವರ್ಷ ಗೊಬ್ಬರಕ್ಕೆ ಇಷ್ಟು, ಸ್ಪ್ರಿಂಕ್ಲರ್‌ಗೆ ಇಷ್ಟು ಅಂತ ಅಂದಾಜು ಹಾಕಬೇಕಲ್ಲಾ? ಪಿವೊಟ್‌ನ ಮೊತ್ತದ ಸೆಲ್ಲಿನಲ್ಲಿ ಒಂದು ಅಂಕಿ ಟೈಪ್ ಮಾಡಿ ನೋಡಿ, ಬೈದು ಕಳಿಸುತ್ತೆ. ರೈಟರ್ ಹುಡುಗ ಇವತ್ತು ಅದನ್ನೇ ಕೇಳಿದ. "ಸರ್, ಹಾಗಾದ್ರೆ ಬಜೆಟ್ ಎಲ್ಲಿ ಬರೀಲಿ?" ಬೇರೆ ಶೀಟಿನಲ್ಲಿ ಬರಿ ಅಂದೆ. ಇನ್ನೇನು ಹೇಳಲಿ.

"ಡೇಟಾಬೇಸ್ ಕಲೀಬೇಕು" ಅನ್ನುವ ಬೆಂಗಳೂರಿನ ಗೆಳೆಯರಿಗೆ ನಮಸ್ಕಾರ. ಕೊಯ್ಲಿನ ಟೈಮಿನಲ್ಲಿ ಒಂದು ದಿನ ಬನ್ನಿ. ಸಂಜೆ ಕಾಫಿ ಅಳೆಯುವ ಗಲಾಟೆಯ ಮಧ್ಯೆ ಕೂತು ನೀವೇ ಕಲಿಸಿಕೊಡಿ.

ದೊಡ್ಡ ಕಂಪನಿಗಳಿಗೆ ಈ ಕಷ್ಟ ಇಲ್ಲ ಅನ್ನೋದು ಇನ್ನೊಂದು ಉರಿ. ಅವರಿಗೆ ಬಹು ದಿಕ್ಕಿನ ಲೆಕ್ಕದ ಸಾಫ್ಟ್‌ವೇರ್‌ಗಳೇ ಇವೆ. ಟಿಎಂ1 ಅನ್ನೋದು ಬಂದದ್ದು 1980ರ ದಶಕದಲ್ಲಿ. ಎಸ್‌ಬೇಸ್ ಅನ್ನೋದು 1992ರಲ್ಲಿ. ಎಷ್ಟು ದಿಕ್ಕು ಬೇಕಾದರೂ ಇಟ್ಟುಕೊಳ್ಳಬಹುದು, ಅಂಕಿ ತಿರುಗಿ ಬರೆಯಲೂಬಹುದು, ಅದೂ ಎಕ್ಸೆಲ್ ಒಳಗಿಂದಲೇ. ಅಂದರೆ ಮಾಡೋಕೆ ಆಗದ ಕೆಲಸ ಏನಲ್ಲ. ದುಡ್ಡಿದ್ದವರಿಗೆ ಮಾಡಿಕೊಟ್ಟಿದ್ದಾರೆ. ಹತ್ತು ಎಕರೆ ರೋಬಸ್ಟಾ ಇಟ್ಟುಕೊಂಡವನಿಗೆ ಸೆಲ್ಲಿಗೆ ಬಣ್ಣ ಹಚ್ಚುವ ಸೌಲಭ್ಯ.

ನಿಜ ಹೇಳಲಾ? ನನಗೆ ಈ ಸಾಲು, ಕಾಲಂ ಅಂದರೆ ತುಂಬಾ ಇಷ್ಟ. ರಾತ್ರಿ ನಿದ್ದೆ ಬಾರದಿದ್ದರೆ ಎದ್ದು ಕೂತು ಯಾರದೋ ತೋಟದ ಶೀಟು ಅಚ್ಚುಕಟ್ಟು ಮಾಡುತ್ತೇನೆ. ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೂ ಇದೆ. ಇಷ್ಟ ಇರೋದಕ್ಕೇ ಇಷ್ಟು ಸಿಟ್ಟು. ಬೇಡದಿದ್ದರೆ ಸುಮ್ನೆ ಇರುತ್ತಿದ್ದೆ.

ಕೇಳುತ್ತಿರೋದು ಜಾಸ್ತಿ ಏನಲ್ಲ. ಇರುವ ಶೀಟು ಹಾಗೇ ಇರಲಿ, ಅಭ್ಯಾಸ ಇರುವವರು ಅದನ್ನೇ ಬಳಸಲಿ. ಪಕ್ಕದಲ್ಲಿ ಇನ್ನೊಂದು ಬಗೆಯ ಶೀಟು ಕೊಡಿ. ದಿಕ್ಕುಗಳಿಗೆ ನಾವೇ ಹೆಸರು ಇಡುತ್ತೇವೆ. ಸೂತ್ರವನ್ನು ಹೆಸರಿನಿಂದಲೇ ಬರೆಯುತ್ತೇವೆ. ಯಾವ ಕಡೆಯಿಂದ ನೋಡಿದರೂ ಅಲ್ಲೇ ಅಂಕಿ ತುಂಬೋಕೆ ಬರಬೇಕು, ಅಷ್ಟೇ. ಈಗ ತೆರೆದ ಕಡೆಯಲ್ಲೆಲ್ಲ ಎಐ ಬಟನ್ ಇಟ್ಟಿದ್ದಾರೆ. ಪರದೆಯ ಬಲಗಡೆ ಕಾಲುಭಾಗ ಅದರ ಚಾಟ್ ಪೆಟ್ಟಿಗೆಯೇ ತಿನ್ನುತ್ತೆ. ಬ್ಲಾಕು, ಬೆಳೆ, ಕೆಲಸ, ತಿಂಗಳು ಅಂತ ನಾಲ್ಕು ಹೆಸರು ಇಡೋಕೆ ಮಾತ್ರ ಅಲ್ಲಿ ಜಾಗ ಇಲ್ಲ.