ಫೈಲ್ ಕೊಡಿ ಸ್ವಾಮೀ, ಬಾಡಿಗೆ ಬೇಡ

ಕಳೆದ ಭಾನುವಾರ ರಾಜಾಜಿನಗರದ ಗೆಳೆಯನ ಮನೆಯಲ್ಲಿ ಊಟದ ಟೇಬಲ್ ಸುತ್ತ ಐದು ಜನ ಕೂತಿದ್ದೆವು. ಮಧ್ಯೆ ದಾಳಗಳು, ಪೆನ್ಸಿಲ್ಲು, ಒಂದು ಬಟ್ಟಲು ಚುರುಮುರಿ. ಆಡುತ್ತಿದ್ದುದು ಡಂಜನ್ಸ್ ಅಂಡ್ ಡ್ರಾಗನ್ಸ್, ಅಂದರೆ ಡಿ ಅಂಡ್ ಡಿ, 2014ರ ನಿಯಮಗಳ ಪ್ರಕಾರ. (ಗೊತ್ತಿಲ್ಲದವರಿಗೆ: ಇದು ಕಂಪ್ಯೂಟರ್ ಗೇಮ್ ಅಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ನಾನು ಹೀಗೆ ಮಾಡ್ತೀನಿ, ಹಾಗೆ ಮಾಡ್ತೀನಿ ಅನ್ನುತ್ತಾರೆ, ಆಗುತ್ತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ.) ಕಥೆ ನಡೆಸುವವನು ನಾನು. ಒಬ್ಬ, ಸೇತುವೆ ಮೇಲಿರುವ ಕಳ್ಳನನ್ನು ಗಟ್ಟಿಯಾಗಿ ಹಿಡ್ಕೋತೀನಿ ಅಂದ. ಸರಿ ಅಂತ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದೆ. ಹಿಡಿಯುವುದು ಹೇಗೆ ಅನ್ನೋದು 195ನೇ ಪುಟದಲ್ಲಿದೆ. ಸಿಕ್ಕಿಬಿದ್ದವನ ಗತಿ ಏನು ಅನ್ನೋದು 290ನೇ ಪುಟದಲ್ಲಿ. ನಡುವೆ ಬರೀ ಮಂತ್ರಗಳು. ನಾನು ಹಾಳೆ ಮಗುಚುತ್ತಾ ಕೂತೆ, ಕಳ್ಳ ಸೇತುವೆ ಮೇಲೆ ಸುಮ್ನೆ ನಿಂತಿದ್ದ, ಪಕ್ಕದವನು ಫೋನ್ ತೆಗೆದು ರೀಲ್ಸ್ ನೋಡೋಕೆ ಶುರು ಮಾಡಿದ.

ಪಿಡಿಎಫ್ ಇದ್ದಿದ್ದರೆ ಒಂದು ಪದ ಹುಡುಕಿದರೆ ಮುಗಿದಿತ್ತು. ಆದರೆ ಈ ಪುಸ್ತಕದ ಪಿಡಿಎಫ್ಅನ್ನು ದುಡ್ಡು ಕೊಡ್ತೀವಿ ಅಂದರೂ ಕೊಡಲ್ಲ. ಪ್ರಕಾಶಕರು ಅದನ್ನು ಮಾರಿಯೇ ಇಲ್ಲ.

ಇದು ಕಾದಂಬರಿಯ ಹಾಗೆ ಮೊದಲಿಂದ ಕೊನೆವರೆಗೆ ಓದುವ ಪುಸ್ತಕ ಅಲ್ಲ. ಇದೊಂದು ಉಪಕರಣ. ಅಡುಗೆ ನಡೆಯುತ್ತಿರುವಾಗ ಕೈಗೆ ಸಿಗಬೇಕಾದ ಸೌಟಿನ ಹಾಗೆ. ಅದನ್ನು ಹುಡುಕೋಕೆ ಆಗುವ ರೂಪದಲ್ಲಿ ಕೊಡಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥ ಆಗದ ಹಠ.

ಈ ಹಠಕ್ಕೆ ಇತಿಹಾಸ ಇದೆ. 2009ರ ಏಪ್ರಿಲ್‌ವರೆಗೂ ಡಿ ಅಂಡ್ ಡಿಯ ಪ್ರಕಾಶಕ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಪಿಡಿಎಫ್ ಮಾರುತ್ತಿತ್ತು. ಆಮೇಲೆ ಪ್ಲೇಯರ್ಸ್ ಹ್ಯಾಂಡ್‌ಬುಕ್ 2 ಅನ್ನೋ ಹೊಸ ಪುಸ್ತಕವನ್ನು ಯಾರೋ ನೆಟ್‌ಗೆ ಹಾಕಿದರು ಅಂತ ಎಂಟು ಜನರ ಮೇಲೆ ಕೇಸು ಹಾಕಿದರು. ಅಲ್ಲಿಗೆ ಸರಿ, ಕದ್ದವರ ಮೇಲೆ ಕೇಸು ಹಾಕಲಿ. ಆದರೆ ಅದೇ ಸಮಯಕ್ಕೆ ತಮ್ಮ ಎಲ್ಲ ಪಿಡಿಎಫ್‌ಗಳ ಮಾರಾಟವನ್ನೂ ಎಲ್ಲ ಆನ್‌ಲೈನ್ ಅಂಗಡಿಗಳಿಂದ ತೆಗೆಸಿಬಿಟ್ಟರು, ಹೊಸದು, ಹಳೆಯದು, ಮೂವತ್ತು ವರ್ಷದ ಹಿಂದಿನದು, ಯಾವುದನ್ನೂ ಬಿಡಲಿಲ್ಲ. ಮೊದಲೇ ಕೊಂಡವರು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳೋಕೂ ಆಗದ ಹಾಗಾಯಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಪೆಟ್ಟು ಬಿದ್ದಿದ್ದು ದುಡ್ಡು ಕೊಟ್ಟವನಿಗೆ. ಕದ್ದವನ ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಆರಾಮಾಗಿಯೇ ಇತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಪೈಜೋ ಅನ್ನೋ ಇನ್ನೊಂದು ಕಂಪನಿ ಪಾತ್‌ಫೈಂಡರ್ ಅನ್ನೋ ಇದೇ ಥರದ ಆಟ ತಂದಿತು. 576 ಪುಟದ ದಪ್ಪ ಪುಸ್ತಕ, ಬೆಲೆ ಸುಮಾರು 50 ಡಾಲರ್. ಅದರ ಪಿಡಿಎಫ್? 10 ಡಾಲರ್‌ಗೆ ಒಂದು ಸೆಂಟ್ ಕಡಿಮೆ. ಪಿಡಿಎಫ್ ಕೊಟ್ಟರೆ ಪುಸ್ತಕ ಮುಳುಗುತ್ತದೆ ಅನ್ನೋದು ನಿಜವಾಗಿದ್ದರೆ ಆ ಕಂಪನಿ ಅವತ್ತೇ ಬಾಗಿಲು ಹಾಕಬೇಕಿತ್ತು. ಹಾಗಾಗಲಿಲ್ಲ, ಡಿ ಅಂಡ್ ಡಿಗೇ ದೊಡ್ಡ ಎದುರಾಳಿಯಾಗಿ ನಿಂತಿತು. ಅದಕ್ಕೆ ಪಿಡಿಎಫ್ ಒಂದೇ ಕಾರಣ ಅಂದರೆ ಸುಳ್ಳಾಗುತ್ತದೆ, ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿಯೇ ಬಹಳ ಜನಕ್ಕೆ ಹಿಡಿಸಿರಲಿಲ್ಲ. ಆದರೆ ಅಗ್ಗದ ಪಿಡಿಎಫ್ ಅವರನ್ನು ಮುಳುಗಿಸಲಿಲ್ಲ ಅನ್ನೋದಂತೂ ನಿಜ. ಎಕ್ಲಿಪ್ಸ್ ಫೇಸ್ ಅನ್ನೋ ಇನ್ನೊಂದು ಆಟ ಮಾಡಿದವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಮ್ಮ ಪುಸ್ತಕವನ್ನು ಕ್ರಿಯೇಟಿವ್ ಕಾಮನ್ಸ್ (ಯಾರು ಬೇಕಾದರೂ ಹಂಚಿಕೊಳ್ಳಬಹುದು ಅನ್ನೋ ಲೈಸೆನ್ಸ್) ಅಡಿ ಬಿಟ್ಟು, ತಾವೇ ಟೊರೆಂಟ್‌ಗೆ ಹಾಕಿದರು!

ಈಗ ನನ್ನ ತಪ್ಪೊಪ್ಪಿಗೆ. ಕಾಲೇಜಿನಲ್ಲಿದ್ದಾಗ ನನ್ನ ಹತ್ತಿರವೂ ಕದ್ದ ಸ್ಕ್ಯಾನ್ ಇತ್ತು. ಪುಟಗಳೆಲ್ಲ ಓರೆ, ಒಂದು ಕಡೆ ಸ್ಕ್ಯಾನ್ ಮಾಡಿದವನ ಹೆಬ್ಬೆರಳು ಅರ್ಧ ಕಾಲಂ ಮುಚ್ಚಿತ್ತು. ಆ ಹೆಬ್ಬೆರಳಿನ ಕೆಳಗೆ ಯಾವ ನಿಯಮ ಇದೆ ಅಂತ ಎರಡು ವರ್ಷ ಗೊತ್ತಿರಲಿಲ್ಲ, ನಾವೇ ಒಂದು ಮಾಡಿಕೊಂಡು ಆಡಿದೆವು. ಕದಿಯುವುದು ತಪ್ಪೇ, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಒಂದು ನೋಡಿ, ಪಿಡಿಎಫ್ ಮಾರದೇ ಇದ್ದ ಪುಸ್ತಕಕ್ಕೂ ಸ್ಕ್ಯಾನ್ ಬಂದೇ ಬಂತು. ಕದಿಯುವವನಿಗೆ ಬೇಕಾಗಿದ್ದು ಸಿಕ್ಕಿತು. ಇವತ್ತು ಕೆಲಸದಲ್ಲಿದ್ದು ದುಡ್ಡು ಕೊಡೋಕೆ ತಯಾರಾಗಿ ನಿಂತಿರುವ ನನಗೆ ಸಿಗಲ್ಲ. ಇದ್ಯಾವ ವ್ಯಾಪಾರ?

ಇದಕ್ಕೆ ಒಂದು ಒಳ್ಳೆಯ ಉತ್ತರ ಇದೆ, ಅದನ್ನೂ ಹೇಳಿಬಿಡುತ್ತೇನೆ. 2014ರ ಡಿ ಅಂಡ್ ಡಿ ಪಿಡಿಎಫ್ ಇಲ್ಲದೆಯೇ ಭರ್ಜರಿಯಾಗಿ ಮಾರಾಟವಾಯಿತು. ಹಾಗಾಗಿ ಕಂಪನಿ ಕಡೆಯಿಂದ ನೋಡಿದರೆ ಬದಲಾಯಿಸೋಕೆ ಕಾರಣವೇ ಇಲ್ಲ, ಒಪ್ಪುತ್ತೇನೆ. ಆದರೆ ಅವರು ನಡೆದುಕೊಳ್ಳುವ ರೀತಿಯಲ್ಲೇ ತಾಳಮೇಳ ಇಲ್ಲ. 2013ರಿಂದ ಹಳೇ ಆವೃತ್ತಿಗಳ ಪಿಡಿಎಫ್‌ಗಳನ್ನು ಮತ್ತೆ ಮಾರುತ್ತಿದ್ದಾರೆ. 2023ರ ಜನವರಿಯಲ್ಲಿ, ಬೇರೆಯವರು ತಮ್ಮ ನಿಯಮಗಳನ್ನು ಬಳಸೋಕೆ ಕೊಟ್ಟಿದ್ದ ಲೈಸೆನ್ಸ್ ಬದಲಾಯಿಸೋಕೆ ಹೋಗಿ ಜನ ತಿರುಗಿಬಿದ್ದಾಗ, ಮೂಲ ನಿಯಮಗಳ ಸುಮಾರು 400 ಪುಟದ ಪಿಡಿಎಫ್ ಅನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಪುಕ್ಕಟೆ ಬಿಟ್ಟರು. ಅಂದರೆ ಅಜ್ಜನ ಕಾಲದ್ದು ದುಡ್ಡಿಗೆ ಸಿಗುತ್ತದೆ, ಅಸ್ಥಿಪಂಜರ ಪುಕ್ಕಟೆ ಸಿಗುತ್ತದೆ, ನಾವು ಆಡುತ್ತಿರುವ ಪೂರ್ತಿ ಪುಸ್ತಕ ಮಾತ್ರ ಸಿಗಲ್ಲ.

ಕಂಪನಿಯದೇ ಡಿ ಅಂಡ್ ಡಿ ಬಿಯಾಂಡ್ ವೆಬ್‌ಸೈಟ್ ಇದೆಯಲ್ಲ, ಅಲ್ಲೇ ಕೊಂಡು ಓದಿ ಅಂತೀರಾ? ಸೈಟ್ ಚೆನ್ನಾಗಿಯೇ ಇದೆ. ಹುಡುಕೋದು ಸುಲಭ, ಪಾತ್ರದ ಲೆಕ್ಕವೆಲ್ಲ ಅದೇ ಮಾಡುತ್ತದೆ. ಆದರೆ ಅಲ್ಲಿ ನೀವು ಕೊಳ್ಳುವುದು ಪುಸ್ತಕ ಅಲ್ಲ, ನೋಡೋಕೆ ಅನುಮತಿ. 2024ರ ಆಗಸ್ಟ್‌ನಲ್ಲಿ, ಹೊಸ ಆವೃತ್ತಿಯ ಪುಸ್ತಕ ಬರುವ ಮುಂಚೆ, ನಿಮ್ಮ ಕ್ಯಾರೆಕ್ಟರ್ ಶೀಟ್‌ನಲ್ಲಿರುವ (ಪಾತ್ರದ ವಿವರದ ಹಾಳೆ) ಹಳೇ ಮಂತ್ರಗಳನ್ನೂ ಮಾಯಾ ವಸ್ತುಗಳನ್ನೂ ಹೊಸ ಆವೃತ್ತಿಗೆ ಬದಲಾಯಿಸುತ್ತೇವೆ, ಹಳೇದೇ ಬೇಕಾದರೆ ನೀವೇ ಕೈಯಾರೆ ಸೇರಿಸಿಕೊಳ್ಳಿ ಅಂತ ಪ್ರಕಟಣೆ ಬಂತು. ದುಡ್ಡು ಕೊಟ್ಟು ಕೊಂಡವರ ಹೊಟ್ಟೆ ಉರಿಯಿತು, ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಹಿಂದೆ ಸರಿದದ್ದು ಒಳ್ಳೆಯದೇ. ಆದರೆ ನನ್ನ ಕಪಾಟಿನ ಪುಸ್ತಕದೊಳಗೆ ರಾತ್ರೋರಾತ್ರಿ ಬಂದು ಯಾರೂ ಸಾಲು ತಿದ್ದೋಕೆ ಆಗಲ್ಲ, ಅಲ್ವಾ? ಪಿಡಿಎಫ್‌ಗೂ ಅದೇ ಗುಣ ಇದೆ. ಪ್ರತಿ ಪುಟದ ಅಡಿಯಲ್ಲಿ ನನ್ನ ಹೆಸರು, ಆರ್ಡರ್ ನಂಬರ್ ವಾಟರ್‌ಮಾರ್ಕ್ ಹಾಕಿ ಕೊಡಿ, ನನಗೇನೂ ಬೇಜಾರಿಲ್ಲ. ಡ್ರೈವ್‌ಥ್ರೂಆರ್‌ಪಿಜಿ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಬೇರೆ ಪಿಡಿಎಫ್‌ಗಳನ್ನು ಹಾಗೆಯೇ ಕೊಳ್ಳುತ್ತಿದ್ದೇನೆ.

ನನಗೆ ನಿಜವಾಗಿ ಕಾಡುವ ಪ್ರಶ್ನೆ ಅಂಗಡಿಯವರದು. ಎಲ್ಲರೂ ಫೈಲ್ ಕೊಂಡರೆ ಪುಸ್ತಕ ಇಟ್ಟುಕೊಂಡು ಕೂತವನು ಏನು ಮಾಡಬೇಕು? ಇದಕ್ಕೆ ಬಿಟ್ಸ್ ಅಂಡ್ ಮಾರ್ಟರ್ ಅಂತ ಕೆಲವು ಪ್ರಕಾಶಕರು ಸೇರಿ ಒಂದು ದಾರಿ ಮಾಡಿದ್ದಾರೆ. ಸದಸ್ಯ ಅಂಗಡಿಯಲ್ಲಿ ಮುದ್ರಿತ ಪುಸ್ತಕ ಕೊಂಡರೆ ಪಿಡಿಎಫ್ ಪುಕ್ಕಟೆ. ಅಂಗಡಿಗೂ ಗಿರಾಕಿ, ನನಗೂ ಫೈಲ್. ನನ್ನ ಪ್ರಕಾರ ಇದೇ ಸರಿಯಾದ ಮಾದರಿ. ನಮ್ಮ ಕಡೆ ಅಂಥ ಅಂಗಡಿ ಹುಡುಕುವುದೇ ಕಷ್ಟ, ಆಮದಾಗಿ ಬರುವ ಪುಸ್ತಕದ ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಹಾಗಾಗಿ ಬೆಂಗಳೂರಲ್ಲಿ ಕೂತವನಿಗೆ ಅನೇಕ ಸಲ ಪಿಡಿಎಫ್ ಒಂದೇ ದಾರಿ.

ಪಿಡಿಎಫ್ ಮಾರುವವರಿಗೂ ಒಂದು ಮಾತು. ಎರಡು ಕಾಲಂ, ಹಿನ್ನೆಲೆಗೆ ಹಳೇ ಚರ್ಮದ ಬಣ್ಣ, ಬುಕ್‌ಮಾರ್ಕ್ ಇಲ್ಲ, ಫೋನಿನಲ್ಲಿ ತೆರೆದರೆ ಇರುವೆ ಸಾಲು. ಮುದ್ರಣಕ್ಕೆ ಕಳಿಸಿದ ಫೈಲನ್ನೇ ಹಾಗೇ ಕೊಟ್ಟು ಕೈತೊಳೆದುಕೊಳ್ಳಬೇಡಿ.

ಪಿಡಿಎಫ್‌ನ ದೊಡ್ಡ ಸುಖ ನನಗೆ ಗೊತ್ತಾಗಿದ್ದು ಝೆರಾಕ್ಸ್ ಅಂಗಡಿಯಲ್ಲಿ. ಹೊಸದಾಗಿ ಆಡೋಕೆ ಬರುವವರಿಗೆ ಪೂರ್ತಿ ಪುಸ್ತಕ ಕೈಗಿಟ್ಟರೆ ಹೆದರಿಕೊಳ್ಳುತ್ತಾರೆ. ಪಿಡಿಎಫ್ ಸಿಗುವ ಆಟವಾದರೆ ಅವರ ಪಾತ್ರಕ್ಕೆ ಬೇಕಾದ ನಾಲ್ಕು ಪುಟ ಮಾತ್ರ ಪ್ರಿಂಟ್ ಹಾಕಿಸುತ್ತೇನೆ. ಹೋದ ತಿಂಗಳು ಅಂಗಡಿಯವರು ಡ್ರ್ಯಾಗನ್ ಚಿತ್ರ ನೋಡಿ, "ಇದ್ಯಾವ ಎಕ್ಸಾಮು ಸಾರ್?" ಅಂದರು.

ಅಂದ ಹಾಗೆ ಬರುವ ಭಾನುವಾರದ ಆಟಕ್ಕೆ ಒಬ್ಬರು ಕಡಿಮೆ ಇದ್ದಾರೆ. ಬರುವವರು ಇನ್‌ಬಾಕ್ಸ್ ಮಾಡಿ. ಪುಸ್ತಕ ತರಬೇಡಿ, ನಾಲ್ಕು ಹಾಳೆ ನಾನೇ ಕೊಡುತ್ತೇನೆ. ಚುರುಮುರಿ ತನ್ನಿ.