ಮಿದುಳಿನ ‘ಶೇಕಡ 10’ರ ಲೆಕ್ಕ

ಪರೀಕ್ಷೆ ಹತ್ತಿರವಾದರೆ ದಾವಣಗೆರೆಯ ಮೊಬೈಲ್‌ಗಳಿಗೂ ಆ ಸಂದೇಶ ಬರುತ್ತದೆ: ನಾವು ಬಳಸುವುದು ಮಿದುಳಿನ ಶೇಕಡ 10 ಭಾಗವನ್ನು ಮಾತ್ರ, ಉಳಿದದ್ದು ಸುಮ್ಮನೆ ಬಿದ್ದಿದೆ. ಇದು ನಿಜವಲ್ಲ. ಮಕ್ಕಳು ಹುರುಪಿನಿಂದ ಓದಲಿ ಎಂದು ಕಳುಹಿಸುವವರ ಆಸೆ ಒಳ್ಳೆಯದೇ. ಲೆಕ್ಕ ಮಾತ್ರ ತಪ್ಪು.

ಬೆಣ್ಣೆದೋಸೆ ಹೋಟೆಲಿನಲ್ಲಿ ಕುಳಿತವರನ್ನೇ ನೋಡಿ. ಕಾವಲಿಯ ಚುಂಯ್ ಸದ್ದನ್ನು ಗುರುತಿಸುವುದು ಮಿದುಳಿನಲ್ಲಿ ಕಿವಿಯ ಮೇಲ್ಬದಿಗಿರುವ ಭಾಗ; ದೋಸೆಯ ಹೊಂಬಣ್ಣವನ್ನು, ತಲೆಯ ಹಿಂಬದಿಯದು. ತುಂಡು ಮುರಿದು ಚಟ್ನಿಗೆ ಅದ್ದುವ ಬೆರಳುಗಳ ಹದವನ್ನು ಮಿದುಳಿನ ಹಿಂಬದಿಯ ಕೆಳಭಾಗವಾದ ಅನುಮಸ್ತಿಷ್ಕ ಕಾಯುತ್ತದೆ. ‘ಹೋದ ಸಲ ಬೆಣ್ಣೆ ಹೆಚ್ಚಿತ್ತಲ್ಲ’ ಎಂಬ ತಕರಾರಿಗೆ ನೆನಪಿನ ಜಾಲವೇ ಬೇಕು. ಎಲ್ಲ ನರಕೋಶಗಳೂ ಒಂದೇ ಕ್ಷಣದಲ್ಲಿ ಮಿಡಿಯುವುದಿಲ್ಲ, ನಿಜ. ಅಂಕೆಮೀರಿ ಒಟ್ಟೊಟ್ಟಿಗೆ ಮಿಡಿದರೆ ಅದು ಮೂರ್ಛೆರೋಗದ ಸೆಳವು. ಆದರೆ ಸ್ಕ್ಯಾನ್‌ಗಳಲ್ಲಿ ಸದಾ ಖಾಲಿ ಕುಳಿತ ಭಾಗ ಕಾಣುವುದಿಲ್ಲ, ನಿದ್ದೆಯಲ್ಲೂ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇಕಡ 2. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಅದು ಬಳಸುವುದು ಸುಮಾರು ಶೇಕಡ 20. ಕೆಲಸವಿಲ್ಲದವನಿಗೆ ಇಷ್ಟು ಊಟ ಯಾರು ಬಡಿಸುತ್ತಾರೆ?

ಪರಿಶೀಲಿಸಲು ಪ್ರಯೋಗಾಲಯ ಬೇಕಿಲ್ಲ. ಸಂದೇಶ ನಿಜವಾಗಿದ್ದರೆ ಏನು ಕಾಣಬೇಕಿತ್ತು ಎಂದು ಕೇಳಿಕೊಳ್ಳಿ. ಮಿದುಳಿಗೆ ಬಿದ್ದ ಹತ್ತು ಪೆಟ್ಟುಗಳಲ್ಲಿ ಒಂಬತ್ತು ಏನೂ ಮಾಡಬಾರದಿತ್ತು. ಪಾರ್ಶ್ವವಾಯುವಿನಲ್ಲಿ ಪುಟ್ಟ ಜಾಗಕ್ಕೆ ರಕ್ತ ನಿಂತು ಮಾತೇ ಹೋದವರನ್ನು ಕಂಡವರಿಗೆ ಉತ್ತರ ಗೊತ್ತು. ಇನ್ನು, ಅಳೆದವರು ಯಾರು, ಯಾವ ವರ್ಷ, ಹೇಗೆ ಎಂಬುದು ಸಂದೇಶದಲ್ಲಿದೆಯೇ? ಬರೀ ದೊಡ್ಡ ವಿಜ್ಞಾನಿಯ ಹೆಸರಿದ್ದರೆ ಸಾಲದು. ಕೆಳಗೆ ‘ಬುದ್ಧಿ ಚುರುಕಿನ’ ಪುಡಿ ಮಾರುವ ಲಿಂಕ್ ಇದೆಯೇ ಎಂದೂ ನೋಡಿ.