ಸೈಕಲ್ ದಾರಿ ನಡುವೆ ತುಂಡಾಗಬಾರದು

ಇಂಗ್ಲೆಂಡಿನ ಹಳ್ಳಿ ಕಡೆ ಸೈಕಲ್ ಹೊಡೆಯಬೇಕು, ಎಲ್ಲಿಂದ ಶುರು ಮಾಡೋದು ಅಂತ ಇಲ್ಲಿರುವ ನಮ್ಮವರು ಆಗಾಗ ಕೇಳುತ್ತಾರೆ. ನಾನು ಮೊದಲು ಹೇಳುವುದು ಒಂದೇ ಮಾತು. ಹಳ್ಳಿ ರಸ್ತೆ ಹುಡುಕಬೇಡಿ, ಹಳಿ ಕಿತ್ತು ಸೈಕಲ್ ದಾರಿ ಮಾಡಿರುವ ಹಳೇ ರೈಲು ದಾರಿ ಹುಡುಕಿ.

ಫೋಟೋದಲ್ಲಿ ಹಳ್ಳಿ ರಸ್ತೆ ಬಹಳ ಚೆಂದ ಕಾಣುತ್ತದೆ. ಎರಡೂ ಕಡೆ ಆಳೆತ್ತರದ ಹಸಿರು ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ಜಾಗ. ಆದರೆ ಬೇರೆ ಬೋರ್ಡು ಇಲ್ಲ ಅಂದರೆ ಆ ರಸ್ತೆಯಲ್ಲೂ ಕಾರು ಗಂಟೆಗೆ 60 ಮೈಲಿ ವೇಗದವರೆಗೆ ಹೋಗಬಹುದು. ಹತ್ತಿರಹತ್ತಿರ 97 ಕಿಲೋಮೀಟರ್! ತಿರುವಿನ ಆಚೆ ಏನಿದೆ ಅಂತ ನಮಗೂ ಕಾಣುವುದಿಲ್ಲ, ಕಾರು ಓಡಿಸುವವರಿಗೂ ಕಾಣುವುದಿಲ್ಲ. ವರ್ಷಗಟ್ಟಲೆ ಸೈಕಲ್ ಹೊಡೆದು ಪಳಗಿದವರು ಹೇಗೋ ಸಂಭಾಳಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಏನು ಮಾಡಬೇಕು?

ನನ್ನ ಹೆಂಡತಿ ಹೈಸ್ಕೂಲ್ ಬಿಟ್ಟ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಅವಳಿಗೆ ಧೈರ್ಯ ಬಂದಿದ್ದು ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುವ ರೈಲ್ವೆ ಪಾತ್‌ನಲ್ಲಿ. 13 ಮೈಲಿ ಉದ್ದದ ಟಾರು ದಾರಿ, ಏರು ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಸ್ಟೇಪಲ್ ಹಿಲ್ ಹತ್ತಿರ ಒಂದು ಸುರಂಗ ಬರುತ್ತದೆ. ಬೇಸಿಗೆಯಲ್ಲೂ ಒಳಗೆ ಹೋಗುತ್ತಿದ್ದಂತೆ ಕೈಗೆ ತಣ್ಣಗೆ ಗಾಳಿ ತಾಗುತ್ತದೆ. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಯಾರೋ ದೂರದಲ್ಲಿ ಬೆಲ್ ಹೊಡೆದರೆ ಇಡೀ ಸುರಂಗಕ್ಕೇ ಕೇಳುತ್ತದೆ. ಹೋಗುವಾಗ ಅವಳು ಅಲ್ಲಿ ಇಳಿದು ತಳ್ಳಿಕೊಂಡು ಬಂದಳು. ವಾಪಸ್ ಬರುವಾಗ ಇಳಿಯಲಿಲ್ಲ, ನನಗಿಂತ ಮುಂದೆ ಹೋಗಿಬಿಟ್ಟಳು. ಹಿಂದೆ ಲಾರಿ ಬರುತ್ತಿದೆಯಾ ಅಂತ ಕುತ್ತಿಗೆ ತಿರುಗಿಸುವ ಕೆಲಸ ಇಲ್ಲದಿದ್ದರೆ ಮನುಷ್ಯ ಎಷ್ಟು ಬೇಗ ಕಲಿಯುತ್ತಾನೆ ಅಂತ ಅವತ್ತು ಕಣ್ಣಾರೆ ನೋಡಿದೆ.

ಈ ದಾರಿಗಳು ಇಷ್ಟು ಸಮತಟ್ಟಾಗಿರುವುದಕ್ಕೆ ಕಾರಣ ಇದೆ. ಉಗಿ ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ಅಂದಿನ ಎಂಜಿನಿಯರುಗಳು ಗುಡ್ಡ ಕಡಿದರು, ಸುರಂಗ ಕೊರೆದರು, ಕಣಿವೆ ಮೇಲೆ ಸೇತುವೆ ಕಟ್ಟಿದರು. 1963ರಲ್ಲಿ, ನಷ್ಟದಲ್ಲಿದ್ದ ಬ್ರಿಟಿಷ್ ರೈಲ್ವೆ ಬಗ್ಗೆ ಬೀಚಿಂಗ್ ವರದಿ ಬಂತು. ಸುಮಾರು 5,000 ಮೈಲಿ ರೈಲು ದಾರಿ, ಎರಡು ಸಾವಿರಕ್ಕೂ ಜಾಸ್ತಿ ಸ್ಟೇಷನ್ ಮುಚ್ಚಿ ಅಂತ ಅದರ ಶಿಫಾರಸು. ಹಳಿ ಕಿತ್ತರು, ಎಷ್ಟೋ ಕಡೆ ಜಾಗ ಮಾರಿದರು. ಉಳಿದ ಕಡೆ ಮುಳ್ಳುಗಿಡ ಬೆಳೆಯಿತು.

ಅದನ್ನು ಸೈಕಲ್ ದಾರಿ ಮಾಡಿ ಅಂತ ಮೇಲಿನಿಂದ ಯಾರೂ ಆದೇಶ ಹೊರಡಿಸಲಿಲ್ಲ. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಸೈಕಲ್‌ಬ್ಯಾಗ್ ಅಂತ ಒಂದು ಗುಂಪು ಕಟ್ಟಿಕೊಂಡರು. 1979ರಲ್ಲಿ ಬಾತ್ ಕಡೆಯಿಂದ ಸ್ವಯಂಸೇವಕರು ಸಲಿಕೆ ಹಿಡಿದು ಕೆಲಸ ಶುರು ಮಾಡಿದರು. ಬ್ರಿಸ್ಟಲ್ ತನಕ ಪೂರ್ತಿಯಾಗಿದ್ದು 1986ರಲ್ಲಿ. ಅದೇ ಗುಂಪು ಮುಂದೆ ಸಸ್ಟ್ರಾನ್ಸ್ ಅನ್ನುವ ದತ್ತಿ ಸಂಸ್ಥೆ ಆಯಿತು. 1995ರಲ್ಲಿ ರಾಷ್ಟ್ರೀಯ ಲಾಟರಿ ನಿಧಿಯಿಂದ ದುಡ್ಡು ಸಿಕ್ಕಿದ ಮೇಲೆ ಇಡೀ ಬ್ರಿಟನ್ನಿಗೆ ನ್ಯಾಷನಲ್ ಸೈಕಲ್ ನೆಟ್‌ವರ್ಕ್ ಅಂತ ಸೈಕಲ್ ದಾರಿಗಳ ಜಾಲ ಮಾಡಿದ್ದೂ ಅವರೇ. ಸಾಮಾನ್ಯ ಜನ ಹಟ ಹಿಡಿದು ಮಾಡಿದ ಕೆಲಸ ಇದು. ಅವರ ಬಗ್ಗೆ ನನಗೆ ಬಹಳ ಗೌರವ ಇದೆ.

ಆ ಗೌರವ ಇಟ್ಟುಕೊಂಡೇ ನನ್ನ ತಕರಾರು ಹೇಳುತ್ತೇನೆ. ಈ ದಾರಿಗಳು ನಡುನಡುವೆ ತುಂಡಾಗಿವೆ. 2018ರಲ್ಲಿ ಸಸ್ಟ್ರಾನ್ಸೇ ಮಾಡಿದ ಪರಿಶೀಲನೆ ಪ್ರಕಾರ 16,575 ಮೈಲಿ ನೆಟ್‌ವರ್ಕ್‌ನಲ್ಲಿ ಕಾರು ಓಡಾಡದ ದಾರಿ ಮೂರನೇ ಒಂದು ಪಾಲು ಅಷ್ಟೇ. ಉಳಿದಿದ್ದೆಲ್ಲ ರಸ್ತೆ. ನಕ್ಷೆಯಲ್ಲಿ ಮಾತ್ರ ಒಂದೇ ಗೆರೆ! ಬೆಳಗ್ಗೆಯಿಂದ ಹತ್ತು ಮೈಲಿ ಹಕ್ಕಿ ಕೂಗು ಕೇಳಿಕೊಂಡು ಬಂದಿರುತ್ತೀರಿ. ಇದ್ದಕ್ಕಿದ್ದ ಹಾಗೆ ದಾರಿ ಮುಗಿದು, ಕಾರುಗಳು ಸುಯ್ಯನೆ ಹೋಗುವ ರಸ್ತೆಗೆ ತಂದು ಬಿಡುತ್ತದೆ. ಅರ್ಧ ಮೈಲಿ ತಾನೇ, ಸುಧಾರಿಸಿಕೊಂಡು ಹೋಗಿ ಅನ್ನುವವರಿದ್ದಾರೆ. ಎಂಟು ವರ್ಷದ ಮಗು ಜೊತೆಗಿದ್ದರೆ ಆ ಅರ್ಧ ಮೈಲಿಯೇ ಇಡೀ ಪ್ರವಾಸವನ್ನು ರದ್ದು ಮಾಡಿಸುತ್ತದೆ. ಒಂದು ದಾರಿ ಎಷ್ಟು ಸುರಕ್ಷಿತ ಅನ್ನುವುದನ್ನು ಅದರ ಅತಿ ಕೆಟ್ಟ ತುಂಡು ನೋಡಿ ಹೇಳಬೇಕು, ಅತಿ ಚೆಂದದ ತುಂಡು ನೋಡಿ ಅಲ್ಲ.

ಇಂಗ್ಲೆಂಡಿನ ನಡುಭಾಗದ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನ ಮಾನ್ಸಲ್ ಟ್ರೇಲ್ ಇದಕ್ಕೆ ಒಳ್ಳೆ ಸಾಕ್ಷಿ. 1968ರಲ್ಲಿ ಅಲ್ಲಿ ರೈಲು ನಿಂತಿತು, 1981ರಲ್ಲಿ ದಾರಿ ಜನರಿಗೆ ತೆರೆಯಿತು. ಆದರೆ ಹೆಡ್‌ಸ್ಟೋನ್, ಕ್ರೆಸ್‌ಬ್ರುಕ್, ಲಿಟ್ಟನ್, ಚೀ ಟಾರ್ ಸುರಂಗಗಳಿಗೆ ಬಾಗಿಲು ಹಾಕಿತ್ತು. ನಡೆಯುವವರು ಸುತ್ತು ಹಾಕಿ ಕಣಿವೆ ಇಳಿದು ಹತ್ತುತ್ತಿದ್ದರು. ಸೈಕಲ್‌ನವರಿಗೆ ಅದು ಒಂದು ದಾರಿಯೇ ಆಗಿರಲಿಲ್ಲ. 2011ರ ಮೇನಲ್ಲಿ ಸುರಂಗಗಳನ್ನು ರಿಪೇರಿ ಮಾಡಿ, ದೀಪ ಹಾಕಿ ತೆರೆದರು. ಒಂದೊಂದೂ 400 ಮೀಟರ್ ಆಸುಪಾಸು. ಈಗ ಅಲ್ಲಿ ಹೋಗಿ ನೋಡಿ. ಅಜ್ಜ ಅಜ್ಜಿ, ಗಾಲಿಕುರ್ಚಿಯವರು, ತಳ್ಳುಗಾಡಿಯಲ್ಲಿ ಮಗು ಇಟ್ಟುಕೊಂಡವರು, ಎಲ್ಲರೂ ಎಂಟೂವರೆ ಮೈಲಿ ದಾರಿಯಲ್ಲಿ ಸಿಗುತ್ತಾರೆ. ಮೂವತ್ತು ವರ್ಷ ಅದೇ ಕಣಿವೆ, ಅದೇ ನೋಟ ಇತ್ತು. ನಡುವಿನ ತುಂಡು ಕೂಡಿದ ಮೇಲೆ ಸೈಕಲ್‌ನವರು ಬಂದರು.

ಬಾತ್‌ನ ಟೂ ಟನಲ್ಸ್ ಅನ್ನುವ ದಾರಿ ಕೂಡ ಹಾಗೇ. 1966ರಲ್ಲಿ ಮುಚ್ಚಿದ ರೈಲು ದಾರಿ 2013ರಲ್ಲಿ ತೆರೆಯಿತು. ಕೂಂಬ್ ಡೌನ್ ಸುರಂಗ ಒಂದೂವರೆ ಕಿಲೋಮೀಟರಿಗಿಂತ ಉದ್ದ. ನಡುವಿನಲ್ಲಿ ಸಣ್ಣಗೆ ಸಂಗೀತ ಕೇಳಿಸುವ ವ್ಯವಸ್ಥೆ ಮಾಡಿದ್ದಾರೆ. ಆಚೆ ಬಂದು ಡಂಡಸ್ ಮೇಲ್ಗಾಲುವೆ (ಕಾಲುವೆಯನ್ನೇ ಹೊತ್ತ ಸೇತುವೆ) ಹತ್ತಿರ ಕೆನೆಟ್ ಆಂಡ್ ಏವನ್ ಕಾಲುವೆ ದಂಡೆ ಹಿಡಿದರೆ ಸುತ್ತು ಹಾಕಿ ಬಾತ್‌ಗೇ ವಾಪಸ್ ಬರಬಹುದು. ನಡುವೆ ಸ್ವಲ್ಪ ಹಳ್ಳಿ ರಸ್ತೆ ಸಿಗುತ್ತದೆ, ಅಲ್ಲಿ ಹುಷಾರು. ಕಾಲುವೆ ದಂಡೆಯಲ್ಲಿ ನಡೆಯುವವರಿಗೇ ಮೊದಲ ಹಕ್ಕು. ದಯವಿಟ್ಟು ನಿಧಾನ ಹೋಗಿ, ಬೆಲ್ ಹೊಡೆದು ಕಾಯಿರಿ.

ಇನ್ನೊಂದು ಕಾಟ ಗೇಟುಗಳದ್ದು. ಬೈಕಿನವರು ನುಗ್ಗಬಾರದು ಅಂತ ದಾರಿಯ ಬಾಯಲ್ಲಿ ಎರಡು ಕಬ್ಬಿಣದ ಪಟ್ಟಿಯನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಕೆಳಗೆ ಅಗಲ, ಮೇಲೆ ಕಿರಿದು. ಬರೀ ಸೈಕಲ್ ಆದರೆ ಹ್ಯಾಂಡಲ್ ಓರೆ ಮಾಡಿ ತೂರಿಸಬಹುದು. ಟೂರಿಗೆ ಹೊರಟವರ ಕ್ಯಾರಿಯರಿನ ಎರಡೂ ಕಡೆ ಬ್ಯಾಗ್, ಮೇಲೆ ಟೆಂಟ್ ಇರುತ್ತದೆ. ಎಲ್ಲ ಬಿಚ್ಚಿ ಕೆಳಗಿಡಬೇಕು, ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ ಆಚೆ ದಾಟಿಸಬೇಕು, ಮತ್ತೆ ಎಲ್ಲ ಕಟ್ಟಬೇಕು. ಮೂರು ಚಕ್ರದ ಸೈಕಲ್ಲು, ದೊಡ್ಡ ಗಾಲಿಕುರ್ಚಿ ದಾಟುವುದೇ ಇಲ್ಲ. ಯಾರೋ ಒಬ್ಬ ಬೈಕಿನವನನ್ನು ತಡೆಯಲು ನಡೆಯಲಾಗದವರನ್ನು ಹೊರಗಿಡುವುದು ಅನ್ಯಾಯ. ಇದರಲ್ಲಿ ನನಗೆ ಎರಡು ಮಾತಿಲ್ಲ.

ತುಂಡಾದ ದಾರಿ ಕೂಡುವುದು ಸಾಧ್ಯ ಅನ್ನುವುದಕ್ಕೆ ವಾಯವ್ಯ ಇಂಗ್ಲೆಂಡಿನ ಕಂಬ್ರಿಯಾದಲ್ಲಿರುವ ಕೆಸಿಕ್ ಊರನ್ನು ನೋಡಿ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿ ಬಂದು ಕೆಸಿಕ್‌ನಿಂದ ಥ್ರೆಲ್‌ಕೆಲ್ಡ್‌ಗೆ ಹೋಗುವ ದಾರಿಯ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಐದು ವರ್ಷ ಹಿಡಿಯಿತು, ಆದರೆ 2020ರ ಡಿಸೆಂಬರ್‌ನಲ್ಲಿ ತೆರೆದಾಗ ಮೊದಲಿಗಿಂತ ಚೆನ್ನಾಗಿತ್ತು. 1970ರ ದಶಕದಲ್ಲಿ ಎ66 ಹೆದ್ದಾರಿ ಮಾಡುವಾಗ ಮುಚ್ಚಿಹೋಗಿದ್ದ ಹಳೇ ಸುರಂಗವನ್ನೂ ಅಗೆದು ತೆರೆದಿದ್ದರು.

ಅದೇ ಕಂಬ್ರಿಯಾದಲ್ಲಿ ಮರುವರ್ಷ ಏನಾಯಿತು ಗೊತ್ತಾ? ಗ್ರೇಟ್ ಮಸ್‌ಗ್ರೇವ್ ಅನ್ನುವ ಹಳ್ಳಿಯಲ್ಲಿ ಹಳೇ ರೈಲು ದಾರಿ ಮೇಲಿನ ಕಲ್ಲಿನ ಸೇತುವೆ ಕೆಳಗೆ ಕಲ್ಲು, ಕಾಂಕ್ರೀಟ್ ಸುರಿದು ತುಂಬಿಬಿಟ್ಟರು. ಎರಡು ಹಳೇ ರೈಲು ದಾರಿಗಳನ್ನು ಮತ್ತೆ ಕೂಡಿಸಬೇಕು ಅಂತ ಕನಸು ಕಂಡಿದ್ದವರ ದಾರಿಗೇ ಅಡ್ಡ. ಜನ ಸುಮ್ಮನಿರಲಿಲ್ಲ. ನೂರಾರು ಆಕ್ಷೇಪಣೆ ಬಂದವು. ತುಂಬಿದ್ದನ್ನು ಹಾಗೇ ಬಿಡಲು 2022ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ, ಅಂದರೆ ಕೌನ್ಸಿಲ್, ಅನುಮತಿ ಕೊಡಲಿಲ್ಲ. ತುಂಬಿದ್ದನ್ನೆಲ್ಲ ಮತ್ತೆ ತೆಗೆಸಿದರು.

ಈ ಆಕ್ಷೇಪಣೆ ಬರೆಯಲು ಇಲ್ಲೇ ಹುಟ್ಟಿದವರಾಗಬೇಕಿಲ್ಲ. ನಾವೂ ಇಲ್ಲಿ ಮನೆ ಮಾಡಿದ್ದೇವೆ, ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೇವೆ, ನಮ್ಮ ಮಕ್ಕಳು ಇಲ್ಲೇ ಸೈಕಲ್ ಕಲಿಯುತ್ತಾರೆ ಅಲ್ವಾ? ನಿಮ್ಮ ಕೌನ್ಸಿಲ್ ವೆಬ್‌ಸೈಟಿನಲ್ಲಿ ಪ್ಲಾನಿಂಗ್ ಅರ್ಜಿಗಳ ಪಟ್ಟಿ ಇರುತ್ತದೆ. ಹಳೇ ರೈಲು ದಾರಿ ಮೇಲೆ ಮನೆ ಕಟ್ಟುವ, ಸೇತುವೆ ಮುಚ್ಚುವ ಅರ್ಜಿ ಕಂಡರೆ ನಾಲ್ಕು ಸಾಲು ಬರೆಯಿರಿ. ದಾಟಲಾಗದ ಗೇಟು ಕಂಡರೆ ಫೋಟೋ ತೆಗೆದು, ಜಾಗ ಯಾವುದು ಅಂತ ಸರಿಯಾಗಿ ಹೇಳಿ ಕಳಿಸಿ. ಎಲ್ಲಿಗೆ ಕಳಿಸಬೇಕು ಗೊತ್ತಾಗದಿದ್ದರೆ ಕಮೆಂಟಿನಲ್ಲಿ ಊರಿನ ಹೆಸರು ಹಾಕಿ, ಹುಡುಕಿ ಕೊಡುತ್ತೇನೆ.